ಹೇನು ಅದೇ, ಗಿಡ ಬೇರೆ

ಹೇನು ತಿನ್ನುವ ಗುಲಗಂಜಿ ಹುಳ (ಲೇಡಿಬರ್ಡ್) ಇದ್ದಲ್ಲಿ ಗಿಡಹೇನಿನ ಉಪದ್ರ ಇಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಕೇಳಲು ಹಿತವಾದ ಈ ಮಾತಿನಲ್ಲಿ ಗಿಡವನ್ನೇ ಮರೆತಿದ್ದೇವೆ. ಹೇನು ಯಾವ ಗಿಡದ ರಸ ಕುಡಿದು ಬೆಳೆದಿದೆ, ಹುಳ ಯಾವ ಎಲೆಯ ಮೇಲೆ ನಡೆದು ಬೇಟೆ ಹುಡುಕಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಅಲಸಂಡೆ ಹಾಕುವವರಿಗೆ ಕಪ್ಪು ಹೇನಿನ ಪರಿಚಯ ಬೇಕಾಗಿಲ್ಲ. ಏಫಿಸ್ ಕ್ರಾಕಿವೋರಾ ಎಂಬ ಈ ಹೇನು ಬೇಲಿಯ ಗ್ಲಿರಿಸಿಡಿಯಾದ ಚಿಗುರಿಗೂ ಮುತ್ತುತ್ತದೆ. ಜಪಾನಿನಲ್ಲಿ ಇದೇ ಹೇನು ವೆಚ್ ಎಂಬ ಕಾಡುಬಳ್ಳಿಯಲ್ಲೂ ಬ್ಲ್ಯಾಕ್ ಲೋಕಸ್ಟ್ ಎಂಬ ಮರದಲ್ಲೂ ಬೆಳೆಯುತ್ತದೆ. ಬಳ್ಳಿಯಲ್ಲಿ ಬೆಳೆದದ್ದು ಅಲ್ಲಿನ ಹಾರ್ಮೋನಿಯಾ ಗುಲಗಂಜಿ ಹುಳದ ಮರಿಗೆ ಒಳ್ಳೆಯ ಆಹಾರ. ಮರದಲ್ಲಿ ಬೆಳೆದದ್ದನ್ನು ತಿಂದ ಮರಿ ಸಾಯುತ್ತದೆ. ಹೇನಿನ ಜಾತಿ ಒಂದೇ, ತಿನ್ನುವ ಹುಳವೂ ಒಂದೇ. ಬದಲಾದದ್ದು ಗಿಡ ಮಾತ್ರ.

ಗಿಡದ ವಿಷ ಹುಳದ ಬಾಯಿಗೆ ಬರುವ ದಾರಿ ಸ್ಪಷ್ಟವಾಗಿ ಕಾಣುವುದು ಎಲೆಕೋಸಿನ ಹೇನಿನಲ್ಲಿ. ಸಾಸಿವೆ, ಎಲೆಕೋಸಿನ ಕುಟುಂಬದ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ವಸ್ತುವೂ ಅದನ್ನು ಒಡೆಯುವ ಮೈರೋಸಿನೇಸ್ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಮಾವಿನಹಣ್ಣಿನ ಸಾಸಮೆಗೆ ತೆಂಗಿನಕಾಯಿಯ ಜೊತೆ ಹಸಿ ಸಾಸಿವೆ ಅರೆಯುವಾಗ ಮೂಗಿಗೇರುವ ಘಾಟು ಹುಟ್ಟುವುದು ಇವೆರಡೂ ಬೆರೆತಾಗ. ಇಡೀ ಸಾಸಿವೆ ಮೂಸಿದರೆ ಆ ಘಾಟು ಇಲ್ಲ. ಹೇನು ಗಿಡದ ರಸದ ಜೊತೆ ಗ್ಲುಕೋಸಿನೊಲೇಟನ್ನು ಹೀರಿ ತನ್ನ ರಕ್ತದಲ್ಲಿ ಕೂಡಿಡುತ್ತದೆ. ಕಿಣ್ವವನ್ನು ಗಿಡದಿಂದ ತರುವುದಿಲ್ಲ, ತಾನೇ ತಯಾರಿಸಿ ತಲೆ ಮತ್ತು ಎದೆಯ ಸ್ನಾಯುಗಳಲ್ಲಿ ಇಟ್ಟುಕೊಳ್ಳುತ್ತದೆ! ಗುಲಗಂಜಿ ಹುಳದ ಮರಿ ಜಗಿದದ್ದೇ ತಡ, ಎರಡೂ ಸೇರಿ ಅದರ ಬಾಯಲ್ಲೇ ಸಾಸಿವೆ ಅರೆದ ಹಾಗಾಗುತ್ತದೆ. ಎರಡು ಚುಕ್ಕೆಯ ಜಾತಿಯ ಮರಿಗಳು ಇದನ್ನು ತಿಂದು ಸಾಯುತ್ತವೆ, ಏಳು ಚುಕ್ಕೆಯದು ತಾಳಿಕೊಳ್ಳುತ್ತದೆ. ಗಿಡದಲ್ಲಿ ಗ್ಲುಕೋಸಿನೊಲೇಟ್ ಕಡಿಮೆಯಿದ್ದರೆ ಹೇನಿನ ಬಲವೂ ಅಷ್ಟಕ್ಕಷ್ಟೇ.

ತಿಂದ ವಿಷ ಮಾತ್ರವಲ್ಲ, ಎಲೆಯ ಮೈಯೂ ಹುಳವನ್ನು ಸೋಲಿಸಬಲ್ಲದು. ನಮ್ಮ ಪಳ್ಳಿಕ್ಕೆರೆ ಕಡೆಯ ಹೊಯಿಗೆ ನೆಲದಲ್ಲಿ ಹಿಂದಿನಿಂದ ಬೆಳೆದು ಬಂದ ಹೊಗೆಸೊಪ್ಪಿನ ಎಲೆ ಮುಟ್ಟಿದವರಿಗೆ ಅದರ ಅಂಟು ಗೊತ್ತು. ಎಲೆಯ ಸೂಕ್ಷ್ಮ ರೋಮಗಳ ತುದಿಯಿಂದ ಒಸರುವ ಅಂಟು ಅದು. ಅಮೆರಿಕದಲ್ಲಿ ಹೋಲಿಸಿ ನೋಡಿದಾಗ ಗುಲಗಂಜಿ ಹುಳದ ಮರಿ ಹತ್ತಿಯ ಎಲೆಗಿಂತ ಹೊಗೆಸೊಪ್ಪಿನ ಮೇಲೆ ಬಹಳ ನಿಧಾನವಾಗಿ ನಡೆಯಿತು. ಬಟಾಣಿ ಎಲೆಯಲ್ಲಿ ತೊಂದರೆ ಇನ್ನೊಂದು ಬಗೆ: ಮೇಣದ ಪದರದ ಮೇಲೆ ಕಾಲು ಜಾರುತ್ತದೆ. ಮೇಣ ಕಡಿಮೆಯಿರುವ ಬಟಾಣಿ ತಳಿಯಲ್ಲಿ ಅದೇ ಹುಳ ಚೆನ್ನಾಗಿ ಹಿಡಿದುಕೊಂಡು ಹೆಚ್ಚು ಬೇಟೆಯಾಡುತ್ತದೆ.

ಹುಳ ಬಿಟ್ಟರೆ ಸಾಕೆಂಬ ನಂಬಿಕೆಗೆ ಹಳೆಯ ಕಾರಣವಿದೆ. 1888ರಲ್ಲಿ ಕೀಟತಜ್ಞ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾದಿಂದ ರೊಡೋಲಿಯಾ ಎಂಬ ಗುಲಗಂಜಿ ಹುಳವನ್ನು ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿದರು. ಕಿತ್ತಳೆ ತೋಟಗಳನ್ನು ಹಾಳುಮಾಡುತ್ತಿದ್ದ, ರಸ ಹೀರುವ ಶಲ್ಕಕೀಟ ಒಂದೆರಡು ವರ್ಷದಲ್ಲೇ ಹತೋಟಿಗೆ ಬಂತು. ಆ ಗೆಲುವು ನಿಜ, ದೊಡ್ಡದು. ಆದರೆ ಒಂದು ಹುಳ ಒಂದು ಕೀಟದ ಮೇಲೆ ಗೆದ್ದದ್ದನ್ನು ಎಲ್ಲ ಗಿಡ, ಎಲ್ಲ ಹೇನಿಗೂ ಹಿಗ್ಗಿಸಬಾರದು.

ಹಾಗೆಂದು ಮತ್ತೆ ವಿಷದ ಬಾಟಲಿಗೆ ಕೈಹಾಕಬೇಕೆಂದಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕೆ? ಆದರೂ ಗುಲಗಂಜಿ ಹುಳದ ಮರಿ ಎಂದು ತಿಳಿಯದೆ, ಹೇನಿನ ನಡುವೆ ಓಡಾಡುವ ಉದ್ದನೆಯ ಕಪ್ಪು ಹುಳಕ್ಕೆ ಔಷಧಿ ಹೊಡೆಯುವವರು ಈಗಲೂ ಇದ್ದಾರೆ. ದೊಡ್ಡ ಹುಳದಂತೆ ಅದೂ ಹೇನು ತಿನ್ನುತ್ತದೆ.

ಅಲಸಂಡೆಯ ಹೂವಿನ ದೇಟು ಹತ್ತಿರದಿಂದ ನೋಡಿ. ಹೂಗಳ ನಡುವೆ ಸಣ್ಣ ಗ್ರಂಥಿಗಳಿವೆ, ಹೂವಿನ ಹೊರಗೇ ಜೇನು ಒಸರುವ ಜಾಗ. ಅದಕ್ಕೆ ಇರುವೆ ಬರುತ್ತದೆ. ಹೇನು ಹೊರಹಾಕುವ ಸಿಹಿಯೂ ಸಿಕ್ಕಿದರೆ ಅಲ್ಲೇ ನೆಲೆಯೂರಿ ಗುಲಗಂಜಿ ಹುಳವನ್ನು, ಅದರ ಮರಿಯನ್ನು ಕಚ್ಚಿ ಓಡಿಸುತ್ತದೆ. ಹಾಗಾಗಿ ಅಲಸಂಡೆಯಲ್ಲಿ ಹುಳ ಇದ್ದೂ ಹೇನು ಇಳಿಯದಿದ್ದರೆ ಮೊದಲು ಬುಡದಿಂದ ಹತ್ತುವ ಇರುವೆಯ ಸಾಲನ್ನು ತಡೆಯಬೇಕು.