ಲಾ ಕುವೆರ್ತ್ವಾರಾದ್: ಕೋಟೆ ಯಾರದು, ಊರಗೋಡೆ ಯಾರದು?

ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿಯ ಈ ಪುಟ್ಟ ಊರನ್ನು ಎಲ್ಲರೂ ‘ಟೆಂಪ್ಲರರ ಊರು’ ಎಂದೇ ಕರೆಯುವುದರಿಂದ, ಅದರ ಸುತ್ತಲಿನ ಗೋಡೆಯನ್ನೂ ಅವರೇ ಕಟ್ಟಿಸಿದರೆಂದು ನಾನು ಬರೆದುಕೊಂಡಿದ್ದೆ. ಅದು ತಪ್ಪು, ಮತ್ತು ಆ ತಪ್ಪು ಬಿಡಿಸಿಕೊಂಡ ಮೇಲೆಯೇ ಊರಿನ ಚರಿತ್ರೆ ನನಗೆ ಅರ್ಥವಾಯಿತು.

ಟೆಂಪ್ಲರರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟು ಕತ್ತಿಯನ್ನೂ ಹಿಡಿದ ಸಂನ್ಯಾಸಿಗಳು. ಅವರು ಕಾದಾಡಿದ್ದು ಜೆರುಸಲೇಮಿನ ಕಡೆಯಲ್ಲಿ. ಲಾರ್ಜಾಕ್‌ನಲ್ಲಿ ಅವರಿಗೆ ಬೇಕಾದದ್ದು ಆ ಯುದ್ಧಕ್ಕೆ ಒದಗುವ ಆದಾಯ, ಅಂದರೆ ಧಾನ್ಯ, ಕುದುರೆ, ಕುರಿ. ಹನ್ನೆರಡನೆಯ ಶತಮಾನದಲ್ಲಿ ಅದೇ ಪ್ರಸ್ಥಭೂಮಿಯ ಸೇಂಟ್ ಯುಲಾಲಿ ಎಂಬ ಊರಿನಲ್ಲಿ ನೆಲೆಯೂರಿದ ಅವರು ಆ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿನ ಬಂಡೆಯ ಮೇಲೆ ಕೋಟೆ ಕಟ್ಟಿಸತೊಡಗಿದರು.

ನಾನು ಎಡವಿದ್ದು ಮುಂದಿನ ಹಂತದಲ್ಲಿ. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ಟೆಂಪ್ಲರರನ್ನು ಸೆರೆಹಿಡಿಸಿದನು. 1312ರ ಮಾರ್ಚಿಯಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ಆ ಸಂಘವನ್ನೇ ವಿಸರ್ಜಿಸಿ, ಮೇ ತಿಂಗಳಲ್ಲಿ ಅದರ ಆಸ್ತಿಯನ್ನು ಹಾಸ್ಪಿಟಲರರು ಎಂಬ, ಅಂಥದೇ ಇನ್ನೊಂದು ಯೋಧ-ಸಂನ್ಯಾಸಿಗಳ ಸಂಘಕ್ಕೆ ವಹಿಸಿದನು. ಸಂಘ ಹೋದರೆ ಊರೂ ಹಾಳಾಯಿತೆಂದು ನಾನು ತಿಳಿದಿದ್ದೆ; ಆದರೆ ಬದಲಾದವರು ಒಡೆಯರೇ ಹೊರತು ಒಕ್ಕಲಲ್ಲ, ಅದೇ ಹೊಲ, ಅದೇ ಮಂದೆ, ಕಂದಾಯ ಮಾತ್ರ ಬೇರೆ ಕೈಗೆ. ಇನ್ನು ಊರಗೋಡೆ ಎದ್ದದ್ದು 1439ರಿಂದೀಚೆಗೆ, ಹಾಸ್ಪಿಟಲರರ ಕಾಲದಲ್ಲಿ. ಇಂಗ್ಲೆಂಡ್–ಫ್ರಾನ್ಸ್ ನಡುವಿನ ‘ನೂರು ವರ್ಷಗಳ ಯುದ್ಧ’ದಲ್ಲಿ ಸಂಬಳವಿಲ್ಲದೆ ಅಲೆಯುತ್ತಿದ್ದ ಕೂಲಿ ಸೈನಿಕರ ದಂಡುಗಳು ಹಳ್ಳಿಗಳನ್ನು ದೋಚುತ್ತಿದ್ದುದರಿಂದ ಅದು ಬೇಕಾಯಿತು. ಸಂದೇಹ ಬಂದಾಗಲೆಲ್ಲ ನಾನು 1439ರಿಂದ 1312ನ್ನು ಕಳೆಯುತ್ತೇನೆ: ಟೆಂಪ್ಲರ್ ಸಂಘ ಅಳಿದು ಆಗಲೇ 127 ವರ್ಷಗಳಾಗಿದ್ದವು.

ಸಂತ ಕ್ರಿಸ್ಟೋಫರನ ಚರ್ಚೂ ಹಾಸ್ಪಿಟಲರರದೇ, ಹದಿನಾಲ್ಕನೆಯ ಶತಮಾನದ್ದು.

ಅಲ್ಲಿನ ಮನೆಗಳನ್ನು ನೋಡಿದರೆ ಕುರಿಯ ಮಹತ್ವ ತಿಳಿಯುತ್ತದೆ. ಕಮಾನು ಚಾವಣಿಯ ಕೆಳಅಂತಸ್ತು ಕುರಿಗಳಿಗೆ; ಮನುಷ್ಯರು ಹೊರಗಿನ ಕಲ್ಲುಮೆಟ್ಟಿಲೇರಿ ಮೇಲಕ್ಕೆ ಹೋಗಬೇಕು. ಸುಣ್ಣಕಲ್ಲಿನ ಆ ನೆಲದಲ್ಲಿ ಮಳೆನೀರು ನಿಲ್ಲದೆ ಇಂಗಿಹೋಗುವುದರಿಂದ, ಮಂದೆಗೆ ನೀರುಣಿಸಲು ಗೋಡೆಯ ಹೊರಗೆ ತಟ್ಟೆಯಂತೆ ತಗ್ಗಾದ ಕೊಳವಿದೆ. ಅದನ್ನು ಲಾವೋಞ್ ಎನ್ನುತ್ತಾರೆ. ಕುರಿಗಳು ಜಾರದೆ ಇಳಿದು ಕುಡಿಯುವಂತೆ ಅದರ ಇಳಿಜಾರಿಗೆಲ್ಲ ಕಲ್ಲು ಹಾಸಿದ್ದಾರೆ.