ಪಿಎಚ್‌ಪಿಯಲ್ಲಿ ಇಳಿಕೆ ಕ್ರಮಕ್ಕೆ ಜೋಡಿಸಿದ ಮೇಲೆ ಕೀಗಳು ಎಲ್ಲಿ ಹೋದವು?

ಪ್ರಶ್ನೆ: ಗಣಿತ 78, ವಿಜ್ಞಾನ 91, ಇತಿಹಾಸ 64 ಎಂದು ಅಂಕಗಳಿರುವ ಅರೇಯನ್ನು (ಮೌಲ್ಯಗಳ ಪಟ್ಟಿ) ಹೆಚ್ಚಿನಿಂದ ಕಡಿಮೆಗೆ ಜೋಡಿಸಲು ಆರ್‌ಸಾರ್ಟ್ ಬಳಸಿದೆ. ಅಂಕಗಳೇನೋ ಸರಿಯಾಗಿ ಕೂತವು. ಆದರೆ ವಿಷಯಗಳ ಹೆಸರು ಹೋಗಿ 0, 1, 2 ಬಂದಿದೆ. ಏನು ತಪ್ಪಾಗಿದೆ?

ಉತ್ತರ: ಕೋಡ್ ಸರಿಯಾಗಿದೆ, ಆರಿಸಿಕೊಂಡ ಫಂಕ್ಷನ್ ಬೇರೆ. ಆರ್‌ಸಾರ್ಟ್ ಹಳೆಯ ಕೀಗಳನ್ನು (ಪ್ರತಿ ಮೌಲ್ಯಕ್ಕೂ ಅಂಟಿದ ಹೆಸರು, ಇಲ್ಲಿ ವಿಷಯದ್ದು) ಎಸೆದು, 0ಯಿಂದ ಹೊಸದಾಗಿ ಎಣಿಸುತ್ತದೆ. ನಿಮಗೆ ಬೇಕಿರುವುದು ಎಆರ್‌ಸಾರ್ಟ್:

ಎಆರ್‌ಸಾರ್ಟ್($ಅಂಕಗಳು);

ಈಗ ವಿಜ್ಞಾನ 91, ಗಣಿತ 78, ಇತಿಹಾಸ 64 ಎಂದು ಹೆಸರಿನ ಸಮೇತ ಸಿಗುತ್ತದೆ. (ಓದಲು ಅನುಕೂಲವಾಗಲೆಂದು ಇಲ್ಲಿ ಫಂಕ್ಷನ್ ಹೆಸರುಗಳು ಕನ್ನಡದಲ್ಲಿವೆ, ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು. ವೇರಿಯಬಲ್ ಹೆಸರು ಮಾತ್ರ ಕನ್ನಡದಲ್ಲಿದ್ದರೂ ಪಿಎಚ್‌ಪಿ ತಕರಾರು ಮಾಡುವುದಿಲ್ಲ.)

ಸಾರ್ಟ್ ಪದದ ಮುಂದೆ ಅಂಟಿಕೊಳ್ಳುವ ಅಕ್ಷರಗಳ ಅರ್ಥ ತಿಳಿದರೆ ಬಾಯಿಪಾಠ ಬೇಕಿಲ್ಲ. 'ಆರ್' ಇದ್ದರೆ ಇಳಿಕೆ ಕ್ರಮ. 'ಎ' ಇದ್ದರೆ ಮೌಲ್ಯ ನೋಡಿ ಜೋಡಿಸಿ, ಕೀ ಉಳಿಸು. 'ಕೆ' ಇದ್ದರೆ ಕೀ ನೋಡಿಯೇ ಜೋಡಿಸು. ಹಾಗಾಗಿ ವಿಷಯದ ಹೆಸರುಗಳೇ ಇಳಿಕೆ ಕ್ರಮದಲ್ಲಿ ಬೇಕಾದರೆ ಕೆಆರ್‌ಸಾರ್ಟ್.

ಇವೆಲ್ಲ ಮೂಲ ಅರೇಯನ್ನೇ ಬದಲಿಸುತ್ತವೆ, ಹೊಸದನ್ನು ಕೊಡುವುದಿಲ್ಲ. $ಫಲ = ಆರ್‌ಸಾರ್ಟ್($ಅಂಕಗಳು) ಎಂದು ಬರೆದರೆ $ಫಲದಲ್ಲಿ ಸಿಗುವುದು ಬರೀ ಟ್ರೂ, ಅದನ್ನು ಮುದ್ರಿಸಿದರೆ 1 ಬರುತ್ತದೆ. ಮೂಲ ಕ್ರಮವೂ ಬೇಕಿದ್ದರೆ ಮೊದಲೇ ಇನ್ನೊಂದು ವೇರಿಯಬಲ್‌ಗೆ ನಕಲು ಮಾಡಿಕೊಳ್ಳಿ.

ಹಾಗಾದರೆ ಎಲ್ಲ ಕಡೆ ಎಆರ್‌ಸಾರ್ಟ್ ಹಾಕಿಬಿಡೋಣ ಅನ್ನಿಸಬಹುದು. ಅಲ್ಲೇ ಎಡವುವುದು. 10, 40, 25 ಎಂಬ ಸಾದಾ ಪಟ್ಟಿಗೆ ಅದನ್ನು ಹಾಕಿದರೆ 40, 25, 10 ಬರುತ್ತದೆ ನಿಜ, ಆದರೆ ಅವುಗಳ ಕೀಗಳು 1, 2, 0. ಫಾರ್‌ಈಚ್ ಲೂಪ್ ಬಳಸಿ ಒಂದೊಂದಾಗಿ ಓದುವವರೆಗೆ ತೊಂದರೆ ಕಾಣದು. $ಪಟ್ಟಿ[0] ಕೇಳಿದರೆ ಮಾತ್ರ 40ರ ಬದಲು 10 ಸಿಗುತ್ತದೆ. ಇದನ್ನೇ ಜೇಸನ್ (ಮಾಹಿತಿ ಕಳಿಸಲು ಬಳಸುವ ಪಠ್ಯ ರೂಪ) ಮಾಡಿ ಬ್ರೌಸರ್‌ಗೆ ಕಳಿಸಿದರೆ ಇನ್ನೂ ಕೆಡುತ್ತದೆ: ಕೀಗಳು 0, 1, 2 ಎಂದು ಸಾಲಾಗಿ ಇಲ್ಲದ್ದರಿಂದ ಅದು ಅರೇ ಆಗದೆ ಆಬ್ಜೆಕ್ಟ್ ಆಗುತ್ತದೆ. ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ನಲ್ಲಿ ಸಂಖ್ಯೆಯ ಕೀಗಳನ್ನು ಏರಿಕೆ ಕ್ರಮದಲ್ಲೇ ಸುತ್ತುವುದರಿಂದ ಪುಟದಲ್ಲಿ ಮತ್ತೆ 10, 40, 25 ಕಾಣುತ್ತದೆ. ಸರ್ವರ್‌ನಲ್ಲಿ ಸರಿಯಿದ್ದದ್ದು ಪುಟದಲ್ಲಿ ಹೇಗೆ ಕೆಟ್ಟಿತೆಂದು ಗಂಟೆಗಟ್ಟಲೆ ಹುಡುಕಿಸುವ ದೋಷ ಇದು. ಸಾದಾ ಪಟ್ಟಿಗೆ ಆರ್‌ಸಾರ್ಟ್ ಸಾಕು.

ಮೌಲ್ಯಗಳು ಬರೀ ಸಂಖ್ಯೆಯಲ್ಲದ ಪಠ್ಯವಾಗಿದ್ದರೆ ಹೋಲಿಕೆ ಅಕ್ಷರ ಅಕ್ಷರವಾಗಿ ನಡೆಯುತ್ತದೆ. 'ಚಿತ್ರ9', 'ಚಿತ್ರ10' ಇದ್ದರೆ ಇಳಿಕೆಯಲ್ಲಿ 9 ಮೊದಲು ಬರುತ್ತದೆ, ಏಕೆಂದರೆ 1ಕ್ಕಿಂತ 9 ದೊಡ್ಡ ಅಕ್ಷರ. ಎರಡನೇ ಆರ್ಗ್ಯುಮೆಂಟ್ ಆಗಿ ಸಾರ್ಟ್_ನ್ಯಾಚುರಲ್ ಕೊಟ್ಟರೆ 10 ಮೇಲೇರುತ್ತದೆ. ದಿನಾಂಕಗಳ ಗೋಳೂ ಇದೇ: 2023-12-05 ಎಂದು ವರ್ಷ ಮೊದಲಿದ್ದರೆ ಸರಿಹೋಗುತ್ತದೆ, 05-12-2023 ಎಂದಿದ್ದರೆ 30-01-2021 ಅದಕ್ಕಿಂತ ಮೇಲೆ ಕೂರುತ್ತದೆ.

ಪ್ರತಿ ಸಾಲೂ ಒಂದು ಅರೇ ಆಗಿದ್ದು, ಅದರೊಳಗಿನ ಬೆಲೆ ನೋಡಿ ಜೋಡಿಸಬೇಕಾದರೆ ಯುಸಾರ್ಟ್ ಬೇಕು. ಇದಕ್ಕೆ 'ಆರ್' ರೂಪವಿಲ್ಲ. ಹೋಲಿಕೆಯಲ್ಲಿ ಎರಡನ್ನೂ ಅದಲುಬದಲು ಮಾಡುವುದೇ ದಾರಿ:

ಯುಸಾರ್ಟ್($ಸಾಲುಗಳು, ಎಫ್‌ಎನ್($ಎ, $ಬಿ) => $ಬಿ['ಬೆಲೆ'] <=> $ಎ['ಬೆಲೆ']);

<=> ಪಿಎಚ್‌ಪಿ 7.0ರಿಂದಲೂ, ಎಫ್‌ಎನ್ ಬರೆಯುವ ರೀತಿ 7.4ರಿಂದಲೂ ಇದೆ. ಹೋಲಿಕೆಗೆ ಆ ಚಿಹ್ನೆಯ ಬದಲು ಕಳೆಯುವ ಲೆಕ್ಕ ಬೇಡ. 4.5ರಿಂದ 4.2 ಕಳೆದರೆ ಬರುವ 0.3 ಪೂರ್ಣಾಂಕವಾಗಿ 0 ಆಗುತ್ತದೆ, ಎರಡೂ ಸಮವೆಂದು ಪಿಎಚ್‌ಪಿ ತಿಳಿಯುತ್ತದೆ. > ಚಿಹ್ನೆ ಹಾಕಿ ಟ್ರೂ, ಫಾಲ್ಸ್ ಹಿಂತಿರುಗಿಸಿದರೆ 8.0ರಿಂದ ಎಚ್ಚರಿಕೆ ಬರುತ್ತದೆ. ಯುಸಾರ್ಟ್ ಕೂಡ ಕೀ ಎಸೆಯುತ್ತದೆ, ಉಳಿಸಲು ಯುಎಸಾರ್ಟ್.

ಏರಿಕೆಯಲ್ಲಿ ಜೋಡಿಸಿ ಅರೇ_ರಿವರ್ಸ್‌ನಿಂದ ತಿರುಗಿಸುವವರೂ ಇದ್ದಾರೆ. ಸಂಖ್ಯೆಗಳಷ್ಟೇ ಇದ್ದಾಗ ನಡೆಯುತ್ತದೆ. ಆದರೆ 8.0ರಿಂದ ಸಮ ಮೌಲ್ಯಗಳು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ. ತಿರುಗಿಸಿದರೆ ಅವೂ ತಲೆಕೆಳಗಾಗಿ, ಒಂದೇ ಅಂಕ ಪಡೆದವರಲ್ಲಿ ಮೊದಲಿದ್ದವರು ಕೆಳಗಿಳಿಯುತ್ತಾರೆ. ಸಂಖ್ಯೆಯ ಕೀಗಳೂ ಹೊಸದಾಗುತ್ತವೆ, ಎರಡನೇ ಆರ್ಗ್ಯುಮೆಂಟ್ ಟ್ರೂ ಕೊಟ್ಟರೆ ಮಾತ್ರ ಉಳಿಯುತ್ತವೆ.