ಮಾನಸಿಕ ಪರೀಕ್ಷೆಯಲ್ಲಿ ಸುಳ್ಳು ಉತ್ತರ ಬರೆದರೆ ಗೊತ್ತಾಗುತ್ತಾ?

ವಿಜಯಪುರದ ಓದುಗರೊಬ್ಬರ ಪ್ರಶ್ನೆ: "ತಮ್ಮನನ್ನು ಧಾರವಾಡಕ್ಕೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ನೂರಾರು ಸಾಲುಗಳಿರುವ ಪುಸ್ತಕ ಕೊಟ್ಟು, ಹೌದು ಅಥವಾ ಅಲ್ಲ ಅಂತ ಗುರುತು ಹಾಕು ಅಂದರು. ತನಗೇನೂ ತೊಂದರೆ ಇಲ್ಲ ಅನ್ನುವ ಹಾಗೆ ಎಲ್ಲ ಬರೆದು ಬಂದಿದ್ದಾನೆ. ಅವರಿಗೆ ಗೊತ್ತಾಗುತ್ತಾ?"

ಬಹಳ ಸಲ ಗೊತ್ತಾಗುತ್ತದೆ. ಆದರೆ ಕಳ್ಳನನ್ನು ಹಿಡಿದ ಹಾಗೆ ಅಲ್ಲ.

ಇಂಥ ಪರೀಕ್ಷೆಗಳಲ್ಲಿ ಜಾಸ್ತಿ ಹೆಸರಾದದ್ದು ಎಂಎಂಪಿಐ, ಅಂದರೆ ಮಿನ್ನೆಸೋಟ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಹ್ಯಾಥ್‌ವೇ ಮತ್ತು ಮನೋವೈದ್ಯ ಮೆಕಿನ್ಲಿ ಸೇರಿ ಮಾಡಿದ್ದು, 1943ರಲ್ಲಿ ಹೊರಬಂತು. 1989ರ ಎರಡನೇ ಆವೃತ್ತಿಯಲ್ಲಿ 567 ಸಾಲುಗಳಿವೆ, 2020ರ ಮೂರನೆಯದರಲ್ಲಿ 335. ಜನ ತಮ್ಮ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ ಅನ್ನುವುದು ಇದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಕಾಯಿಲೆ ಅಳೆಯುವ ಸಾಲುಗಳ ನಡುವೆಯೇ ಉತ್ತರ ಕೊಡುವ ರೀತಿಯನ್ನು ಅಳೆಯುವ ಸಾಲುಗಳನ್ನೂ ಸೇರಿಸಿಟ್ಟರು. ನಿಜವಾದ ಸಾಲುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ, ನಾನೇ ಒಂದು ಕಟ್ಟಿ ಹೇಳುತ್ತೇನೆ: "ನನಗೆ ಯಾರ ಮೇಲೂ ಒಂದು ದಿನವೂ ಸಿಟ್ಟು ಬಂದಿಲ್ಲ." ಇಂಥ ಒಂದೆರಡಕ್ಕೆ ಹೌದು ಅಂದರೆ ಪರವಾಗಿಲ್ಲ. ಇಂಥ 15 ಸಾಲುಗಳಲ್ಲಿ ಹತ್ತಕ್ಕೆ ಹೌದು ಅಂದರೆ? ಯಾರಾದರೂ ಹುಬ್ಬೇರಿಸುತ್ತಾರೆ, ಅಲ್ವಾ? ಇದಕ್ಕೆ ತಿರುಗಾಮುರುಗಾ ಇನ್ನೊಂದು ಅಳತೆ ಇದೆ. ತುಂಬಾ ಕಡಿಮೆ ಜನ ಒಪ್ಪುವ ವಿಚಿತ್ರ ಅನುಭವಗಳನ್ನೆಲ್ಲ ಯಾರಾದರೂ ತನ್ನವು ಅಂದರೆ ಅದು ಮೇಲೇರುತ್ತದೆ. ಓದದೆ ಸುಮ್ನೆ ಗೀಚಿದವರೂ ಸಿಗುತ್ತಾರೆ, ಯಾಕಂದರೆ ಒಂದೇ ಅರ್ಥದ ಮಾತು ಬೇರೆ ಬೇರೆ ಕಡೆ ಬರುತ್ತದೆ, ಉತ್ತರ ಒಂದಕ್ಕೊಂದು ಹೊಂದುವುದಿಲ್ಲ.

ಆದರೆ ಅಂಕ ಮೇಲೆ ಹೋಯಿತು ಅಂದರೆ ಸುಳ್ಳು ಬರೆದರು ಅಂತಲ್ಲ. ಬಸವನಬಾಗೇವಾಡಿ ಕಡೆಯ ಒಬ್ಬ ಅಜ್ಜನನ್ನು ನೆನೆಸಿಕೊಳ್ಳಿ. ಸುಳ್ಳಾಡಬಾರದು, ಸಿಟ್ಟಾಗಬಾರದು ಅಂತಲೇ ಬೆಳೆದವರು, ಮನಸ್ಸಿನಿಂದಲೇ ಹೌದು ಅಂತ ಬರೆಯುತ್ತಾರೆ. ಹಾಗೇ ಎರಡನೇ ಅಳತೆ ಮೇಲೇರುವುದು ನಟನೆಯಿಂದ ಮಾತ್ರ ಅಲ್ಲ, ನಿಜವಾಗಿಯೂ ತುಂಬಾ ನರಳುತ್ತಿರುವವರಲ್ಲೂ ಏರುತ್ತದೆ.

ನನಗೆ ಇದಕ್ಕಿಂತ ಚಿಂತೆ ಭಾಷೆಯದು. ಬೆಳಗಾವಿಯಲ್ಲಿ ಮನೆಮಾತು ಮರಾಠಿ, ಓದಿದ್ದು ಕನ್ನಡ, ಕೈಗೆ ಬಂದ ಪುಸ್ತಕ ಇಂಗ್ಲಿಷಿನದು, ಪಕ್ಕದಲ್ಲಿ ಕೂತ ಸೋದರಮಾವ ತನಗೆ ತಿಳಿದ ಹಾಗೆ ಅರ್ಥ ಹೇಳುತ್ತಾ ಉತ್ತರವನ್ನೂ ತಾನೇ ಹೇಳಿಬಿಟ್ಟರೆ ಅದು ಯಾರ ಪರೀಕ್ಷೆ? ಕನ್ನಡದಲ್ಲಿದ್ದರೂ ತೊಡಕು ಇದ್ದದ್ದೇ. "ನನಗೆ ರಾತ್ರಿ ನಿದ್ದೆ ಬರುವುದಿಲ್ಲ" ಅನ್ನುವ ಸಾಲಿಗೆ, ನಿದ್ದೆ ಬಾರದ ಒಬ್ಬರು "ಹೌದು, ಬರಲ್ಲ" ಅಂತಾರೆ, ಇನ್ನೊಬ್ಬರು "ಇಲ್ಲ, ಬರಲ್ಲ" ಅಂತಾರೆ. ಇಬ್ಬರ ತೊಂದರೆಯೂ ಒಂದೇ, ಗುರುತು ಮಾತ್ರ ಬೇರೆ! ಹೀಗಾಗಿ ಒಳ್ಳೆಯ ಸೈಕಾಲಜಿಸ್ಟ್ ಅಂಕ ನೋಡಿ ಕಾಯಿಲೆಯ ಹೆಸರು ಬರೆದು ಕೊಡುವುದಿಲ್ಲ. ಎಂಎಂಪಿಐಯಲ್ಲಿ ಸರಾಸರಿ ಅಂಕ 50 ಅಂತಿಟ್ಟು, 65 ಅಥವಾ ಅದಕ್ಕಿಂತ ಮೇಲೆ ಹೋದದ್ದನ್ನು ಗಮನಿಸುತ್ತಾರೆ. ಆಮೇಲೆ ಎದುರಿಗೆ ಕೂತು ಮಾತಾಡುತ್ತಾರೆ, ಮನೆಯವರನ್ನೂ ಕೇಳುತ್ತಾರೆ.

ಇನ್ನು ನಿಮ್ಮ ತಮ್ಮ. ಅವನೇನೂ ಫೇಲಾಗಿಲ್ಲ, ಇದರಲ್ಲಿ ಪಾಸು ಫೇಲು ಇಲ್ಲ. ಈ ಉತ್ತರಗಳನ್ನು ನಂಬಿ ಏನೂ ಹೇಳಲಾಗದು ಅಂತ ಅವರು ಬರೆಯಬಹುದು, ಅಷ್ಟೇ. ಅವನು ಯಾಕೆ ಮುಚ್ಚಿಟ್ಟ ಅನ್ನುವುದು ದೊಡ್ಡ ಪ್ರಶ್ನೆ. ಕನ್ಯಾ ನೋಡುವುದು ನಡೆದಿದೆಯಾ? ನೌಕರಿಯ ಭಯವಾ? ಅವನ ಮಾಹಿತಿ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು, ಅದನ್ನು ಅವನಿಗೆ ಹೇಳಿ. ಮುಂದಿನ ಸಲ ಹೋದಾಗ "ಅವತ್ತು ಹೆದರಿ ಹಾಗೆ ಬರೆದೆ" ಅಂತ ಅವನೇ ಹೇಳಿಕೊಂಡರೆ ಅವರು ಬೈಯುವುದಿಲ್ಲ, ಬೇಕಾದರೆ ಮತ್ತೆ ಬರೆಸುತ್ತಾರೆ. ಆಗ ಒಳಗೆ ಅವನೊಬ್ಬನೇ ಕೂರಲಿ. ನೀವು ಹೊರಗೆ ಚಹಾ ಕುಡಿಯುತ್ತಿರಿ.